ಶಾಂತಲೆ: ಹೆಸರೊಂದು ವ್ರತವಾದ ಬಗೆ

ಅರಸೀಕೆರೆ ಎಂಬ ಊರಿನ ಹೆಸರಿನೊಳಗೆ ಒಬ್ಬ ಹೆಣ್ಣುಮಗಳಿದ್ದಾಳೆ. ಆದರೆ ಆಕೆಯ ಹೆಸರಿಲ್ಲ. ಹೊಯ್ಸಳರ ಕಾಲದ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ‘ಅರಸಿಯ ಕೆರೆ’ ಎಂಬ ಹೆಸರು ಬಂದಿತೆಂಬುದು ಜನರ ನಂಬಿಕೆ. ಕೆರೆ ಉಳಿಯಿತು, ಅರಸಿ ಎಂಬ ಪದವಿಯೂ ಉಳಿಯಿತು. ತೊಟ್ಟಿಲಲ್ಲಿ ತಾಯಿ ಕರೆದ ಹೆಸರು ಮಾತ್ರ ಊರಿನ ನಾಲಗೆಯಿಂದ ಜಾರಿಹೋಯಿತು. ಅಲ್ಲಿಂದ ಬಾಣಾವರದ ದಾರಿ ಹಿಡಿದು ಹಳೇಬೀಡಿಗೆ, ಹಳೇಬೀಡಿನಿಂದ 16 ಕಿಲೋಮೀಟರ್ ದೂರದ ಬೇಲೂರಿಗೆ ಹೋದರೆ ಕಾಣುವುದು ಇದಕ್ಕೆ ವ್ಯತಿರಿಕ್ತವಾದ ಸಂಗತಿ. ಅಲ್ಲಿ ಒಬ್ಬ ಅರಸಿಯ ಪದವಿಗಿಂತ ಹೆಸರೇ ಹೆಚ್ಚು ಬಾಳಿದೆ. ಒಂಬತ್ತು ಶತಮಾನಗಳು ಕಳೆದರೂ ಮಾಸದ ಆ ಹೆಸರು ಶಾಂತಲೆ.

ಶಾಂತಾ, ಶಾಂತಿ, ಶಾಂತಮ್ಮ ಎಂಬುವು ಕನ್ನಡ ನಾಡಿನ ಮನೆಮನೆಯ ಹೆಸರುಗಳು. ಶಾಂತಲೆ ಅಥವಾ ಶಾಂತಲಾ ಹಾಗಲ್ಲ. ಎಲ್ಲರಿಗೂ ಗೊತ್ತು, ಆದರೆ ಇಟ್ಟುಕೊಂಡವರು ವಿರಳ. ಕೇಳಿದೊಡನೆ ಇತಿಹಾಸವನ್ನು ನೆನಪಿಸುವ ಹೆಸರನ್ನು ಮಗುವಿಗೆ ಇಡುವಾಗ ಹೆತ್ತವರ ಮನಸ್ಸು ಒಂದು ಕ್ಷಣ ತಡೆಯುವುದು ಸಹಜ. ಆ ಹೆಸರಿನ ಹಿಂದೆ ಇರುವುದೇನು? ಸೌಂದರ್ಯವೇ, ನೃತ್ಯವೇ, ಪಟ್ಟದರಸಿಯ ವೈಭವವೇ? ಜಿನಧರ್ಮದ ಬೆಳಕಿನಲ್ಲಿ ನೋಡಿದರೆ ಉತ್ತರ ಬೇರೆಯೇ ಆಗಿ ತೋರುತ್ತದೆ.

ಮೊದಲು ಪದವನ್ನೇ ನೋಡಬೇಕು. ಶಾಂತಲಾ ಎಂಬುದು ಶಕುಂತಲಾ ಎಂಬ ಹೆಸರಿನ ಮೊಟಕುರೂಪವೆಂದು ಭಾವಿಸುವವರುಂಟು. ಎರಡೂ ಪ್ರಾಸದಲ್ಲಿ ಹತ್ತಿರ, ಮೂಲದಲ್ಲಿ ದೂರ. ಶಕುಂತಲೆಯ ಹೆಸರು ಶಕುಂತ ಎಂಬ ಹಕ್ಕಿಯಿಂದ ಬಂದದ್ದು. ಶಾಂತಲೆಯ ಹೆಸರಿನ ಬೇರು ಶಾಂತ ಎಂಬ ಶಬ್ದದಲ್ಲಿದೆ. ಕೊನೆಯ ‘ಲೆ’ ಆ ಕಾಲದ ಕನ್ನಡದ ಮುದ್ರೆ. ಹನ್ನೊಂದು, ಹನ್ನೆರಡನೇ ಶತಮಾನದ ಶಾಸನಗಳಲ್ಲಿ ಈ ಬಗೆಯ ಹೆಸರುಗಳ ಒಂದು ಬಳಗವೇ ಇದೆ. ಹುಂಚದಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದ ಚಟ್ಟಲದೇವಿ, ಎರೆಯಂಗನ ರಾಣಿ ಏಚಲದೇವಿ, ವಿಷ್ಣುವರ್ಧನನ ಮತ್ತೊಬ್ಬ ರಾಣಿ ಬಮ್ಮಲದೇವಿ, ಇಮ್ಮಡಿ ಬಲ್ಲಾಳನ ಕಾಲದಲ್ಲಿ ಹಳೇಬೀಡಿನ ಕೇದಾರೇಶ್ವರ ದೇಗುಲದೊಡನೆ ನೆನೆಯಲ್ಪಡುವ ಅಭಿನವ ಕೇತಲದೇವಿ, ಹೀಗೆ ಸಾಲು ಬೆಳೆಯುತ್ತದೆ.

ಒಬ್ಬಳೇ ಸ್ತ್ರೀಯನ್ನು ಹಲವು ರೂಪಗಳಲ್ಲಿ ಕರೆಯುವ ರೂಢಿಯೂ ಇತ್ತು. ದಂಡನಾಯಕ ಗಂಗರಾಜನ ತಾಯಿ ಒಂದೆಡೆ ಪೋಚಿಕಬ್ಬೆ, ಇನ್ನೊಂದೆಡೆ ಪೋಚಲದೇವಿ. ಶ್ರವಣಬೆಳಗೊಳದಲ್ಲಿ 1181ರಲ್ಲಿ ಅಕ್ಕನ ಬಸದಿಯನ್ನು ಕಟ್ಟಿಸಿದ, ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕನೂ ಹೌದು, ಆಚಲದೇವಿಯೂ ಹೌದು. ‘ಅಬ್ಬೆ’ ಎಂದರೆ ತಾಯಿ, ‘ಅಕ್ಕ’ ಎಂದರೆ ಹಿರಿಯ ಸೋದರಿ. ‘ಲೆ’ ಎಂಬಲ್ಲಿ ಕೇಳಿಸುವುದು ಮನೆಯ ಮುದ್ದು. ಇಂದು ಏಚಲೆ, ಆಚಲೆ, ಪೋಚಲೆ, ಬಮ್ಮಲೆಯರು ತೊಟ್ಟಿಲುಗಳಿಂದ ಮರೆಯಾಗಿದ್ದಾರೆ. ಆ ಬಳಗದಲ್ಲಿ ಜೀವಂತವಾಗಿ ಉಳಿದು ಬಂದವಳು ಶಾಂತಲೆಯೊಬ್ಬಳೇ ಎನ್ನಬಹುದು.

ಜೈನ ಮನೆತನಕ್ಕೆ ‘ಶಾಂತ’ ಎಂಬ ಶಬ್ದ ಕೇವಲ ಗುಣವಾಚಕವಲ್ಲ. ಅದು ಹದಿನಾರನೆಯ ತೀರ್ಥಂಕರ ಶಾಂತಿನಾಥಸ್ವಾಮಿಯ ನೆನಪು. ಹಸ್ತಿನಾಪುರದಲ್ಲಿ ಜನಿಸಿದ, ಜಿಂಕೆಯನ್ನು ಲಾಂಛನವಾಗಿ ಉಳ್ಳ ಈ ಸ್ವಾಮಿ ಚಕ್ರವರ್ತಿಯೂ ಕಾಮದೇವನೂ ತೀರ್ಥಂಕರನೂ ಆಗಿ ಮೂರು ಪದವಿಗಳನ್ನು ಒಂದೇ ಭವದಲ್ಲಿ ಪಡೆದವನು. ಆತನ ಹೆಸರಿನ ಹಿಂದೆಯೂ ಒಂದು ಕಥೆಯಿದೆ. ಶ್ವೇತಾಂಬರ ಪರಂಪರೆಯ ಚರಿತೆಗಳ ಪ್ರಕಾರ ಸ್ವಾಮಿಯು ತಾಯಿಯ ಗರ್ಭದಲ್ಲಿದ್ದಾಗಲೇ ನಾಡನ್ನು ಕಾಡುತ್ತಿದ್ದ ಮಾರಿರೋಗ ಶಮನವಾಯಿತು. ಆ ಕಾರಣದಿಂದಲೇ ಮಗುವಿಗೆ ‘ಶಾಂತಿ’ ಎಂದು ಹೆಸರಿಟ್ಟರು. ಮೊದಲು ಶಾಂತಿ ಒದಗಿತು, ಆಮೇಲೆ ಹೆಸರು ಬಂದಿತು ಎಂಬುದು ಈ ಕಥೆಯಲ್ಲಿ ಗಮನಿಸಬೇಕಾದ ಅಂಶ. ಫಲವನ್ನು ಕಂಡು ಮರಕ್ಕೆ ಹೆಸರಿಟ್ಟಂತೆ.

ನಮ್ಮ ಮನೆಗಳಲ್ಲಿ ನಡೆಯುವುದು ಇದರ ವಿಲೋಮ. ಮೊದಲು ಹೆಸರು, ಗುಣ ಆಮೇಲೆ, ಬಂದರೆ ಬಂದಿತು. ಹಿರಿಯರಿಗೆ ಈ ಅಂತರ ತಿಳಿಯದೇ ಇರಲಿಲ್ಲ. ಜಿನಸೇನಾಚಾರ್ಯರ ಆದಿಪುರಾಣವು ಗರ್ಭಾನ್ವಯ ಕ್ರಿಯೆಗಳೆಂಬ 53 ಸಂಸ್ಕಾರಗಳನ್ನು ವಿವರಿಸುವಾಗ, ಮಗು ಹುಟ್ಟಿ ಹನ್ನೆರಡು ದಿನಗಳಾದ ಬಳಿಕ ಮಾಡಬೇಕಾದ ‘ನಾಮಕರ್ಮ’ವನ್ನು ಹೇಳುತ್ತದೆ. ಹೆಸರನ್ನು ಆರಿಸುವುದಕ್ಕೆ ಅಲ್ಲಿ ಸೂಚಿಸಿರುವ ಒಂದು ವಿಧಾನ ಸೊಗಸಾದುದು. ಜಿನೇಶ್ವರನ 1008 ನಾಮಗಳನ್ನು ಬಿಡಿಬಿಡಿ ಪತ್ರಗಳಲ್ಲಿ ಬರೆದು ಘಟದಲ್ಲಿ ಹಾಕಿ, ಅದರಿಂದ ಒಂದನ್ನು ಎತ್ತಿಕೊಳ್ಳಬೇಕು. ಕೈಗೆ ಬಂದ ನಾಮವೇ ಮಗುವಿನ ಹೆಸರು. ಇದು ಅದೃಷ್ಟದ ಆಟವಲ್ಲ. ಹೆಸರು ಹೆತ್ತವರ ಬಯಕೆಯಿಂದ ಹುಟ್ಟದೆ, ಜಿನಗುಣಗಳ ಭಂಡಾರದಿಂದ ಸಾಲವಾಗಿ ಬರಬೇಕೆಂಬ ಭಾವ ಅದರಲ್ಲಿದೆ. ಸಾಲವೆಂದ ಮೇಲೆ ತೀರಿಸುವ ಹೊಣೆಯೂ ಉಂಟು. ಬದುಕಿಡೀ ಆ ಗುಣವನ್ನು ಗಳಿಸುತ್ತಾ ಹೋಗುವುದೇ ಆ ತೀರುವಳಿ.

ಅರಸೀಕೆರೆಯ ಸಹಸ್ರಕೂಟ ಜಿನಾಲಯದ ಮುಂದೆ ನಿಂತಾಗ ಈ ಮಾತು ಕಣ್ಣಿಗೇ ಕಾಣುತ್ತದೆ. ಮೊದಲು ಕಲಚುರಿಗಳ ಸೇವೆಯಲ್ಲಿದ್ದು ಬಳಿಕ ಇಮ್ಮಡಿ ಬಲ್ಲಾಳನನ್ನು ಆಶ್ರಯಿಸಿದ ದಂಡನಾಯಕ ರೇಚರಸನು 1220ರಲ್ಲಿ ಇದನ್ನು ಪ್ರತಿಷ್ಠಾಪಿಸಿದನು. ಸಹಸ್ರಕೂಟವೆಂದರೆ 1008 ಜಿನಬಿಂಬಗಳ ಒಂದು ಶಿಖರ. ಬಿಂಬಗಳು ಸಾವಿರ, ಮುದ್ರೆ ಒಂದೇ. ನಾಮಗಳು ಸಾವಿರ, ಅವು ತೋರುವ ನೆಲೆ ಒಂದೇ. ಯಾವ ಹೆಸರನ್ನು ಎತ್ತಿಕೊಂಡರೂ ಹೋಗಿ ಸೇರಬೇಕಾದದ್ದು ರಾಗದ್ವೇಷಗಳು ಅಡಗಿದ ಆ ಶಾಂತ ಮುದ್ರೆಯನ್ನೇ.

ಹೆಸರಿಗೂ ಹೆಸರು ಹೊತ್ತವರಿಗೂ ಇರುವ ಸಂಬಂಧವನ್ನು ಜೈನ ದರ್ಶನವು ಇನ್ನೂ ಸೂಕ್ಷ್ಮವಾಗಿ ಬಿಡಿಸಿಟ್ಟಿದೆ. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ಬರುವ ನಾಲ್ಕು ನಿಕ್ಷೇಪಗಳು ಇವು: ನಾಮ, ಸ್ಥಾಪನಾ, ದ್ರವ್ಯ, ಭಾವ. ಗುಣವಿರಲಿ ಬಿಡಲಿ, ಕರೆಯುವುದಕ್ಕಾಗಿ ಇಟ್ಟದ್ದು ನಾಮ. ‘ಇದು ಅವನೇ’ ಎಂದು ವಿಗ್ರಹದಲ್ಲೋ ಚಿತ್ರದಲ್ಲೋ ನೆಲೆಗೊಳಿಸಿದ್ದು ಸ್ಥಾಪನಾ. ಹಿಂದೆ ಆಗಿದ್ದ ಅಥವಾ ಮುಂದೆ ಆಗಬಲ್ಲ ಯೋಗ್ಯತೆಯಿಂದ ಕರೆಯುವುದು ದ್ರವ್ಯ. ಈ ಕ್ಷಣದಲ್ಲಿ ಆ ಗುಣವೇ ಆಗಿ ಪರಿಣಮಿಸಿರುವುದು ಭಾವ. ಶಾಂತಲೆ ಎಂಬ ಹೆಸರನ್ನು ಈ ನಾಲ್ಕು ಮೆಟ್ಟಿಲುಗಳ ಮೇಲೆ ನಿಲ್ಲಿಸಿ ನೋಡಿದರೆ ಆಕೆಯ ಬಾಳೂ ತೆರೆದುಕೊಳ್ಳುತ್ತದೆ.

ನಾಮದ ನೆಲೆ ಹಳೇಬೀಡಿನಲ್ಲಿದೆ. ಅಧಿಕಾರಿ ಕೇತಮಲ್ಲನ ಮುತುವರ್ಜಿಯಲ್ಲಿ 1121ರ ಸುಮಾರಿಗೆ ತಲೆಯೆತ್ತಿದ ಮಹಾದೇಗುಲದ ಎರಡು ಗರ್ಭಗುಡಿಗಳಲ್ಲಿ ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಜಿನಭಕ್ತಳಾದ ರಾಣಿಯ ಹೆಸರು ಅಲ್ಲಿ ಶಿವಲಿಂಗದ ಹೆಸರಾಗಿದೆ. ಪೂಜೆಗೆ ಬಂದವರ ಬಾಯಲ್ಲಿ ಆ ಹೆಸರು ಎಷ್ಟು ಸಲ ನುಡಿಯಿತೋ ಲೆಕ್ಕವಿಲ್ಲ. ಆದರೂ ನಾಮ ನಾಮವೇ. ಅದು ಗುರುತನ್ನು ಕೊಡಬಲ್ಲದು, ಗುಣವನ್ನು ಕೊಡಲಾರದು.

ಸ್ಥಾಪನೆಯ ನೆಲೆ ಬೇಲೂರಿನಲ್ಲಿದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇಗುಲದ 42 ಮದನಿಕೆಯರ ನಡುವೆ ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯನ್ನು ತೋರಿಸಿ, ‘ಇವಳೇ ಶಾಂತಲೆ’ ಎಂದು ಜನ ಹೇಳುತ್ತಾ ಬಂದಿದ್ದಾರೆ. ದಾಸೋಜ, ಚಾವಣರಂತಹ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಕನ್ನಡಿಯ ಚೆಲುವೆ ಯಾರೆಂದು ಮಾತ್ರ ಕಲ್ಲು ಹೇಳುವುದಿಲ್ಲ. ಜನರ ಪ್ರೀತಿಯೇ ಆ ಶಿಲೆಯಲ್ಲಿ ರಾಣಿಯನ್ನು ನೆಲೆಗೊಳಿಸಿತು. ಅದೇ ಆವರಣದ ಕಪ್ಪೆ ಚೆನ್ನಿಗರಾಯನ ಮೂರ್ತಿಯನ್ನು ಮಾಡಿಸಿದವಳೆಂದು ಶಾಂತಲೆಯ ಹೆಸರು ನಿಲ್ಲುತ್ತದೆ. ಆಕೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜಿನಭಕ್ತೆ, ಗಂಡ ವಿಷ್ಣುಭಕ್ತ. ಮೂರು ದಾರಿಗಳು ಕೂಡುವ ಮನೆಯಲ್ಲಿ ಶಾಂತಿ ಎಂಬುದು ಬರಿಯ ಹೆಸರಾಗಿ ಉಳಿಯುವಂತಿರಲಿಲ್ಲ, ದಿನದಿನದ ದುಡಿಮೆಯಾಗಬೇಕಾಗಿತ್ತು. ತನ್ನ ವ್ರತವನ್ನು ಸಡಿಲಿಸದೆ, ಎದುರಿನವರ ಪೂಜೆಗೆ ಅಡ್ಡಿಯಾಗದೆ ಆಕೆ ನಡೆದುಕೊಂಡಳು.

ದ್ರವ್ಯದ ನೆಲೆಯಲ್ಲಿ ಶಾಂತಲೆ ಎಂದರೆ ಮಾಚಿಕಬ್ಬೆಯ ಮಡಿಲಿನ ಕೂಸು. ಅರಳಲಿರುವ ಹೂವನ್ನು ಮೊಗ್ಗಿನಲ್ಲೇ ಕಂಡು ಕರೆದಂತೆ, ಆ ತಾಯಿ ಮಗಳನ್ನು ಶಾಂತಲೆ ಎಂದು ಕರೆದಳು. ಪ್ರತಿಯೊಂದು ತೊಟ್ಟಿಲ ಹೆಸರೂ ಹೀಗೆಯೇ. ಅದು ಮಗು ಏನಾಗಿದೆ ಎಂಬುದನ್ನಲ್ಲ, ಏನಾಗಬಲ್ಲದು ಎಂಬುದನ್ನು ಹೇಳುತ್ತದೆ. ಆಗುವುದೂ ಬಿಡುವುದೂ ಆ ಜೀವದ ಪುರುಷಾರ್ಥ.

ಇನ್ನು ಭಾವದ ನೆಲೆ. ಅದನ್ನು ಅರಸಿ ಬೇಲೂರಿನಿಂದ ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಹೋಗಬೇಕು. 1123ರಲ್ಲಿ ಶಾಂತಲೆ ಅಲ್ಲಿ ಒಂದು ಬಸದಿಯನ್ನು ಕಟ್ಟಿಸಿ, ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರಿಗೆ ಮೊಟ್ಟೆನವಿಲೆ ಎಂಬ ಗ್ರಾಮವನ್ನು ದತ್ತಿಯಾಗಿ ಒಪ್ಪಿಸಿದಳು. ಗರ್ಭಗುಡಿಯಲ್ಲಿ ಪ್ರತಿಷ್ಠಾಪಿಸಿದ್ದು ಶಾಂತಿನಾಥಸ್ವಾಮಿಯನ್ನೇ. ಇಪ್ಪತ್ತನಾಲ್ಕು ತೀರ್ಥಂಕರರಲ್ಲಿ ತನ್ನ ಹೆಸರಿನ ಮೂಲವಾದ ಸ್ವಾಮಿಯ ಮುಂದೆ ಆಕೆ ಕೈಮುಗಿದು ನಿಂತಳು. ಸಾಲವಾಗಿ ಬಂದ ಹೆಸರು ಸಾಲ ಕೊಟ್ಟವನ ಪಾದವನ್ನು ಸೇರಿದಂತೆ.

ಆದರೆ ಆ ಬಸದಿಯ ಹೆಸರು ಓದುಗರನ್ನು ಬೆರಗುಗೊಳಿಸುತ್ತದೆ: ಸವತಿಗಂಧವಾರಣ ಬಸದಿ. ಉದ್ಧಟರಾದ ಸವತಿಯರ ಪಾಲಿಗೆ ಮದದಾನೆಯಂಥವಳು ಎಂಬ ಶಾಂತಲೆಯ ಬಿರುದೇ ಬಸದಿಯ ಹೆಸರಾಯಿತು. ಒಳಗೆ ಶಾಂತಿನಾಥ, ಹೊರಗೆ ಮದದಾನೆ! ಶಾಂತಲೆ ಎಂಬ ಹೆಸರಿಗೂ ಈ ಬಿರುದಿಗೂ ಹೇಗೆ ಹೊಂದಿಕೆ?

ಉತ್ತರ ಅದೇ ಶಾಸನಗಳ ಮತ್ತೊಂದು ಬಿರುದಿನಲ್ಲಿದೆ. ಅವು ಆಕೆಯನ್ನು ‘ಸಮ್ಯಕ್ತ್ವ ಚೂಡಾಮಣಿ’ ಎಂದು ಕರೆಯುತ್ತವೆ. ಸಮ್ಯಕ್ತ್ವ ಎಂದರೆ ತತ್ತ್ವದಲ್ಲಿ ನೆಟ್ಟ ನಿಶ್ಚಲ ಶ್ರದ್ಧೆ. ಅದು ಒಳಗೆ ಮೂಡಿದೆ ಎಂಬುದಕ್ಕೆ ಆಚಾರ್ಯರು ನಾಲ್ಕು ಕುರುಹುಗಳನ್ನು ಹೇಳುತ್ತಾರೆ: ಪ್ರಶಮ, ಸಂವೇಗ, ಅನುಕಂಪಾ, ಆಸ್ತಿಕ್ಯ. ಮೊದಲನೆಯದೇ ಪ್ರಶಮ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ತಣ್ಣಗಾಗುವುದು. ಜೈನರ ಶಾಂತಿ ಅಂದರೆ ಇದು. ಅದು ಅಂಜಿಕೆಯ ಮೌನವಲ್ಲ, ಎಲ್ಲದಕ್ಕೂ ತಲೆಯಾಡಿಸುವ ಮೆತ್ತನೆಯೂ ಅಲ್ಲ. ಅರಮನೆಯಲ್ಲಿ ಗದ್ದಲವಿತ್ತು, ಸವತಿಯರಿದ್ದರು, ಪೈಪೋಟಿಯಿತ್ತು. ಹೊರಗೆ ಸ್ಥಾನದ ಗಾಂಭೀರ್ಯ ಬೇಕಾಗಿತ್ತು. ಆ ಬಿರುದನ್ನು ಹೊಗಳುಭಟರ ನಾಲಗೆಗೆ ಬಿಟ್ಟು, ಬಸದಿಯ ಒಳಗೆ ತಾನು ಏನನ್ನು ನೆಲೆಗೊಳಿಸಿದಳೆಂಬುದರಿಂದ ಶಾಂತಲೆಯನ್ನು ಅಳೆಯುವುದು ನ್ಯಾಯ. ಆನೆಯ ಬಲವಿದ್ದವರಿಗೆ ಮಾತ್ರ ಶಾಂತಿ ಒಂದು ಆಯ್ಕೆಯಾಗಬಲ್ಲದು. ಬಲವಿಲ್ಲದವರಿಗೆ ಅದು ಅನಿವಾರ್ಯತೆ.

ಶಾಸನಗಳು ಆಕೆಯ ಗೀತ, ವಾದ್ಯ, ನೃತ್ಯಗಳ ಪ್ರೌಢಿಮೆಯನ್ನು ಮೆಚ್ಚಿ, ವಿವೇಕದಲ್ಲಿ ಬೃಹಸ್ಪತಿಗೆ ಹೋಲಿಸುತ್ತವೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಕೆಗೆ ಸಂತೋಷವಿತ್ತೆಂದೂ ಹೇಳುತ್ತವೆ. ಹಸಿದವನಿಗೆ ಅನ್ನ, ಹೆದರಿದವನಿಗೆ ಆಸರೆ, ರೋಗಿಗೆ ಮದ್ದು, ಅರಿಯದವನಿಗೆ ಅರಿವು. ಮತ್ತೊಬ್ಬರ ತಳಮಳವನ್ನು ತಣಿಸುವ ಈ ನಾಲ್ಕು ಕೆಲಸಗಳೇ ಭಾವನಿಕ್ಷೇಪದ ಶಾಂತಲೆ. ಕೊಡುವ ಹೊತ್ತಿನಲ್ಲಿ ಹೆಸರೂ ಹೆಸರಿನ ಅರ್ಥವೂ ಒಂದಾಗುತ್ತವೆ.

1131ರಲ್ಲಿ ಶಿವಗಂಗೆಯಲ್ಲಿ ಶಾಂತಲೆ ಮುಡಿಪಿದಳೆಂದು ಶಾಸನ ತಿಳಿಸುತ್ತದೆ. ಜನಪದದ ಕಥೆಯಲ್ಲಿ ಆಕೆ ಬೆಟ್ಟದ ತುದಿಯಿಂದ ಧುಮುಕಿದ ನೊಂದ ಜೀವ. ಶಿವಗಂಗೆಯಲ್ಲಿ ಆ ತಾಣವನ್ನು ಇಂದಿಗೂ ತೋರಿಸುತ್ತಾರೆ. ಶಾಸನ ಬಳಸುವ ‘ಮುಡಿಪಿ’ ಎಂಬ ಪದವಾದರೋ ವ್ರತದಿಂದ ದೇಹವನ್ನು ಬಿಡುವ ಜೈನ ಕ್ರಮವನ್ನು ನೆನಪಿಸುವಂಥದು. ಹತಾಶೆಯಲ್ಲಿ ಬಿಟ್ಟ ಪ್ರಾಣಕ್ಕೂ ಸಮಾಧಿಯಲ್ಲಿ ತ್ಯಜಿಸಿದ ದೇಹಕ್ಕೂ ಜಿನಧರ್ಮ ಅಜಗಜಾಂತರವನ್ನು ಕಾಣುತ್ತದೆ. ಒಂದರಲ್ಲಿ ಕಷಾಯ ಉಕ್ಕಿರುತ್ತದೆ, ಇನ್ನೊಂದರಲ್ಲಿ ಆರಿರುತ್ತದೆ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಒಂದು ತಿಂಗಳ ಅನಶನವ್ರತದಿಂದ ದೇಹವನ್ನು ತೊರೆದಳು. ಮಗಳಿಗೆ ಶಾಂತಲೆ ಎಂದು ಹೆಸರಿಟ್ಟ ತಾಯಿ, ಕೊನೆಗೆ ಆ ಹೆಸರಿನ ದಾರಿಯನ್ನು ತಾನೂ ಹಿಡಿದಳು.

ಇದಾದ ಎರಡು ವರ್ಷಕ್ಕೆ ಹಳೇಬೀಡಿನಲ್ಲಿ ಮತ್ತೊಂದು ನಾಮಕರಣ ನಡೆಯಿತು. ಗಂಗರಾಜನ ಮಗ ಬೊಪ್ಪದೇವನು 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಪ್ರತಿಷ್ಠಾಪಿಸಿದ. ಪ್ರಸಾದವನ್ನು ಹೊತ್ತ ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದಾಗ, ಅರಸನಿಗೆ ಯುದ್ಧದಲ್ಲಿ ಗೆಲುವೂ ಒದಗಿತ್ತು, ಲಕ್ಷ್ಮೀದೇವಿಯಲ್ಲಿ ಮಗನೂ ಜನಿಸಿದ್ದ. ಹರ್ಷದಿಂದ ಆತ ದೇವರಿಗೆ ವಿಜಯಪಾರ್ಶ್ವ ಎಂದೂ, ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ. ಅರಸನ ಮನಸ್ಸಿನಲ್ಲಿ ಆಗ ತುಂಬಿದ್ದ ಶಬ್ದ ‘ವಿಜಯ’. ಅದೇ ಶತಮಾನದ ಕೊನೆಯ ಭಾಗದಲ್ಲಿ ಅದೇ ಬಸ್ತಿಹಳ್ಳಿಯ ಆವರಣದಲ್ಲಿ ಶಾಂತಿನಾಥ ಬಸದಿ ಎದ್ದುನಿಂತಿತು. ಇಂದು ವಿಜಯಪಾರ್ಶ್ವನೂ ಶಾಂತಿನಾಥನೂ ನೆರೆಹೊರೆಯವರು. ಒಂದು ಬಾಗಿಲಿನಿಂದ ಹೊರಬಂದು ಇನ್ನೊಂದನ್ನು ಹೊಕ್ಕ ಯಾತ್ರಿಕನಿಗೆ ಎರಡು ಹೆಸರುಗಳೂ ಒಂದೇ ಪಾಠವನ್ನು ಹೇಳುತ್ತವೆ. ಜಿನ ಎಂದರೆ ಗೆದ್ದವನು; ತನ್ನನ್ನು ತಾನು ಗೆದ್ದವನು. ಆ ವಿಜಯದ ಆಚೆ ಬದಿಯಲ್ಲಿರುವುದೇ ಶಾಂತಿ.

ಹೆಸರಿನ ಮುಂದಿನ ಪಯಣವೂ ಕುತೂಹಲಕರ. ಹೊಯ್ಸಳರ ಬಳಿಕ ಅದು ಬಹುಕಾಲ ಕಲ್ಲಿನಲ್ಲೇ ನಿದ್ರಿಸಿತು. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದ ಮೇಲೆ, 1923ರಲ್ಲಿ ಆರ್. ನರಸಿಂಹಾಚಾರ್ ಅವರ ಪರಿಷ್ಕೃತ ಸಂಪುಟ ಬಂದ ಮೇಲೆ, ವಿದ್ವಾಂಸರ ಮೇಜಿನಿಂದ ಅದು ಕತೆಗಾರರ ಕೈಗೆ ಬಂದಿತು. ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಆ ಹೆಸರನ್ನು ಮನೆಮಾತಾಗಿಸಿತು. ಸಿ. ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ 1983ರಲ್ಲಿ ಭಾರತೀಯ ಜ್ಞಾನಪೀಠದ ಮೊತ್ತಮೊದಲ ಮೂರ್ತಿದೇವಿ ಪ್ರಶಸ್ತಿಯನ್ನು ಪಡೆಯಿತು. ಆ ಪ್ರಶಸ್ತಿಯ ಹೆಸರಿನಲ್ಲಿರುವ ಮೂರ್ತಿದೇವಿಯೂ ಒಬ್ಬ ಜೈನ ತಾಯಿಯೇ. ಜ್ಞಾನಪೀಠದ ಸಂಸ್ಥಾಪಕ ಸಾಹು ಶಾಂತಿಪ್ರಸಾದ್ ಜೈನ್ ಅವರ ಮಾತೆ. ನೃತ್ಯಕ್ಷೇತ್ರದ ಸಾಧಕರಿಗೆ ಕರ್ನಾಟಕ ಸರ್ಕಾರ ಕೊಡುವ ಗೌರವಕ್ಕೂ ‘ಶಾಂತಲಾ ನಾಟ್ಯಶ್ರೀ’ ಎಂಬ ಹೆಸರಿದೆ.

ಸಾಗರದಾಚೆಯಲ್ಲಿ ಈ ಹೆಸರು ಮತ್ತೊಂದು ಬಾಗಿಲಿನಿಂದ ಪ್ರವೇಶಿಸಿತು. ಫ್ರಾನ್ಸಿನ ವೈದ್ಯ ಫ್ರೆಡರಿಕ್ ಲೆಬೊಯೆ ಕೋಲ್ಕತ್ತದ ಬಡವರ ಕೇರಿಯಲ್ಲಿ, ತಾಯಿಯೊಬ್ಬಳು ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದುದನ್ನು ಕಂಡು ಬೆರಗಾದರು. ಆ ತಾಯಿಯ ಹೆಸರು ಶಾಂತಲಾ. 1976ರಲ್ಲಿ ಆ ಹೆಸರನ್ನೇ ಶೀರ್ಷಿಕೆಯಾಗಿಸಿ ಅವರು ಪುಸ್ತಕವನ್ನು ಹೊರತಂದರು. ಅಂದಿನಿಂದ ಫ್ರಾನ್ಸಿನಲ್ಲೂ ಬ್ರೆಜಿಲಿನಲ್ಲೂ ಕೂಸುಗಳಿಗೆ ಎಣ್ಣೆ ತಿಕ್ಕುವ ಕಲೆಗೆ ‘ಶಾಂತಲಾ’ ಎಂದೇ ಹೆಸರು. ನಮ್ಮ ಅಜ್ಜಿಯರು ಬಚ್ಚಲುಮನೆಯಲ್ಲಿ ದಿನವೂ ಮಾಡುತ್ತಿದ್ದ ಕೆಲಸ ಅದು. ಹೊಯ್ಸಳ ರಾಣಿಯನ್ನು ಕೇಳಿಯೇ ಇಲ್ಲದ ದೂರದ ತಾಯಂದಿರು, ಅಳುವ ಮಗುವನ್ನು ಅಂಗೈಯಿಂದ ಸಂತೈಸುವಾಗ ಆ ಹೆಸರನ್ನು ನುಡಿಯುತ್ತಾರೆ. ಅಲ್ಲಿ ಶಾಂತಲಾ ಎಂಬುದು ನಾಮಪದವಾಗಿ ಉಳಿದಿಲ್ಲ, ಕ್ರಿಯೆಯೇ ಆಗಿದೆ. ಭಾವನಿಕ್ಷೇಪಕ್ಕೆ ಇದಕ್ಕಿಂತ ತಿಳಿಯಾದ ನಿದರ್ಶನ ಬೇಕಿಲ್ಲ.

ಜೈನ ಕರ್ಮಸಿದ್ಧಾಂತದಲ್ಲಿಯೂ ‘ನಾಮಕರ್ಮ’ ಎಂಬ ಮಾತು ಬರುತ್ತದೆ. ಅದು ಎಂಟು ಮೂಲಕರ್ಮಗಳಲ್ಲಿ ಒಂದು. ಚಿತ್ರಕಾರನು ಬಗೆಬಗೆಯ ರೂಪಗಳನ್ನು ಬರೆಯುವಂತೆ ಜೀವಕ್ಕೆ ಗತಿ, ಶರೀರ, ಆಕಾರಗಳನ್ನು ಕಟ್ಟಿಕೊಡುವಂಥದು. ತೊಟ್ಟಿಲ ಶಾಸ್ತ್ರಕ್ಕೂ ಈ ಕರ್ಮಕ್ಕೂ ಒಂದೇ ಶಬ್ದ ಒದಗಿರುವುದು ಒಂದು ಎಚ್ಚರಿಕೆಯಂತಿದೆ. ಹೆಸರೂ ರೂಪವೂ ದಾರಿಯ ಬುತ್ತಿ ಮಾತ್ರ. ಸಿದ್ಧಶಿಲೆಯನ್ನು ಸೇರಿದ ಜೀವಕ್ಕೆ ಎರಡೂ ಇಲ್ಲ. ಅರಸೀಕೆರೆಯ ಅನಾಮಿಕ ಅರಸಿಗೆ ಈ ದೃಷ್ಟಿಯಲ್ಲಿ ನಷ್ಟವೇನೂ ಇಲ್ಲ. ಆಕೆಯ ಹೆಸರು ಹೋಯಿತು, ದಾನ ನಿಂತಿತು. ಕೆರೆಯ ನೀರು ಕುಡಿದ ಹಸು, ಹಕ್ಕಿ, ದಾರಿಹೋಕರ ದಾಹ ಶಾಂತವಾದಾಗಲೆಲ್ಲ ಆಕೆಯೂ ಶಾಂತಲೆಯೇ.

ಮಗಳಿಗೆ ಶಾಂತಲೆ ಎಂದು ಹೆಸರಿಡಲು ಬಯಸುವವರು ದರ್ಪಣಸುಂದರಿಯ ಚೆಲುವನ್ನು ನೆನೆದರೆ ತಪ್ಪಲ್ಲ. ಜೊತೆಗೆ ಚಿಕ್ಕಬೆಟ್ಟದ ಶಾಂತಿನಾಥನನ್ನೂ ಆ ನಾಲ್ಕು ದಾನಗಳನ್ನೂ ನೆನೆಯಬೇಕು. ಹೆಸರು ಕರೆಯುವುದು ಒಂದು ದಿನದ ಸಂಭ್ರಮ. ಆ ಹೆಸರಿಗೆ ತಕ್ಕ ಮನೆಯನ್ನು ಮಗುವಿನ ಸುತ್ತ ಕಟ್ಟುವುದು ವರುಷಗಳ ಸಾಧನೆ. ಕೂಗಾಟ, ಹಗೆ, ಹೊಟ್ಟೆಕಿಚ್ಚು ತುಂಬಿದ ಮನೆಯಲ್ಲಿ ನಿಂತು ‘ಶಾಂತಲಾ’ ಎಂದು ಕರೆದರೆ ಓಗೊಡಲು ಮಗು ಬಂದೀತು, ಶಾಂತಿ ಬಾರದು. ಹೆಸರಿನ ವ್ರತವನ್ನು ಮೊದಲು ಹಿಡಿಯಬೇಕಾದವರು ಹೆಸರಿಟ್ಟವರೇ. ಮಾಚಿಕಬ್ಬೆ ತೋರಿಸಿಕೊಟ್ಟದ್ದು ಇದನ್ನೇ.